ಮೀಟಿಂಗಿನಲ್ಲಿ ಬಾಯಿ ಕಟ್ಟುತ್ತದೆ, ನಂಬಿಕೆ ಬದಲಿಸುವುದು ಹೇಗೆ?

ಪ್ರಶ್ನೆ: ನನಗೆ 29 ವರ್ಷ. ಹಾವೇರಿ ಜಿಲ್ಲೆಯ ಹಳ್ಳಿಯವನು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಈಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಕೆಲಸ ಚೆನ್ನಾಗಿ ಬರುತ್ತದೆ. ಆದರೆ ಮೀಟಿಂಗಿನಲ್ಲಿ ಬಾಯಿ ಬಿಡಲು ಆಗುವುದಿಲ್ಲ. ನನ್ನ ಸರದಿ ಬರುವ ಮೊದಲೇ ಎದೆ ಡವಡವ, ಮುಖ ಬಿಸಿ, ಧ್ವನಿ ನಡುಕ. ಪಿಯುಸಿಯಲ್ಲಿ ಒಮ್ಮೆ ಇಂಗ್ಲಿಷಿನಲ್ಲಿ ಉತ್ತರ ಹೇಳಿದಾಗ ಇಡೀ ಕ್ಲಾಸ್ ನಕ್ಕಿತ್ತು. ಆಗಿನಿಂದ ‘ನಾನು ಬಾಯಿ ಬಿಟ್ಟರೆ ನಗೆಪಾಟಲು’ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನನ್ನ ಜೊತೆ ಸೇರಿದವರು ಲೀಡ್ ಆಗಿದ್ದಾರೆ. ‘ನಂಬಿಕೆ ಬದಲಿಸಿ, ಬದುಕು ಬದಲಾಗುತ್ತದೆ’ ಎನ್ನುವ ವಿಡಿಯೊ ನೋಡಿ ದಿನಾ ಬೆಳಿಗ್ಗೆ ಕನ್ನಡಿ ಮುಂದೆ ‘ನಾನು ಧೈರ್ಯವಂತ’ ಅಂತ ಹೇಳಿಕೊಳ್ಳುತ್ತಿದ್ದೇನೆ. ಏನೂ ಪ್ರಯೋಜನ ಆಗಿಲ್ಲ, ಬೇಜಾರೇ ಜಾಸ್ತಿಯಾಗಿದೆ. ನಂಬಿಕೆ ನಿಜಕ್ಕೂ ಬದಲಾಗುತ್ತದಾ? ಎಷ್ಟು ದಿನ ಬೇಕು? ಅಥವಾ ಕೆಲಸ ಬಿಟ್ಟು ಊರಿಗೆ ಹೋಗಲಾ?

ಉತ್ತರ: ಮೊದಲು ಕನ್ನಡಿಯ ವಿಷಯ ಮುಗಿಸೋಣ. ಅದನ್ನು ಇವತ್ತೇ ನಿಲ್ಲಿಸಿ. ಬೇಜಾರು ಹೆಚ್ಚಾಗಿದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ತಮ್ಮ ಬಗ್ಗೆ ತಮಗೇ ಒಳ್ಳೆಯ ಅಭಿಪ್ರಾಯ ಇಲ್ಲದವರು ‘ನಾನು ಪ್ರೀತಿಗೆ ಅರ್ಹ’ ಎಂಬಂಥ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡರೆ ಏನಾಗುತ್ತದೆ ಅಂತ ನೋಡಿದರು. ಹಾಗೆ ಹೇಳಿಕೊಂಡವರ ಮನಸ್ಸು, ಸುಮ್ಮನಿದ್ದವರ ಮನಸ್ಸಿಗಿಂತ ಹೆಚ್ಚು ಕುಗ್ಗಿತ್ತು. ಮಂತ್ರದ ಹಾಗೆ ಹೇಳಿದ್ದನ್ನೆಲ್ಲ ಮನಸ್ಸು ಒಪ್ಪುವುದಿಲ್ಲ. ನೀವು ‘ನಾನು ಧೈರ್ಯವಂತ’ ಅನ್ನುತ್ತೀರಿ. ಒಳಗಿನಿಂದ ‘ಹಾಗಾದ್ರೆ ಮೊನ್ನೆ ಸೋಮವಾರ ಯಾಕೆ ಬಾಯಿ ಕಟ್ಟಿತ್ತು?’ ಅಂತ ಪ್ರಶ್ನೆ ಬರುತ್ತದೆ. ಅದಕ್ಕೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಅಲ್ಲಿಗೆ ಹಳೆಯ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ.

ಆದರೂ ಆ ವಿಡಿಯೊದವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ನಂಬಿಕೆ ಬದಲಾಗುತ್ತದೆ, ಅದರ ಜೊತೆ ಬದುಕಿನ ಸಾಕಷ್ಟು ಭಾಗವೂ ಬದಲಾಗುತ್ತದೆ. ಅದು ಬದಲಾಗುವ ದಾರಿ ಮಾತ್ರ ಬೇರೆ. ನಂಬಿಕೆಯನ್ನು ಪರೀಕ್ಷೆಗೆ ಒಡ್ಡಬೇಕು. ಪರೀಕ್ಷೆ ನಡೆಯುವಾಗ ನಿಮ್ಮ ಗಮನ ಸರಿಯಾದ ಕಡೆ ಇರಬೇಕು. ಈ ಎರಡನೆಯ ಮಾತನ್ನು ಯಾರೂ ಹೇಳುವುದಿಲ್ಲ. ನಿಮ್ಮ ವಿಷಯದಲ್ಲಿ ಬೀಗ ಇರುವುದೇ ಅಲ್ಲಿ, ಹಾಗಾಗಿ ಅದನ್ನೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ನೀವು ಹೇಳಿದ ಲಕ್ಷಣಗಳೆಲ್ಲ ಸಾಮಾಜಿಕ ಆತಂಕಕ್ಕೆ ಹೊಂದುತ್ತವೆ. ನಾವು ಸೋಷಿಯಲ್ ಆಂಗ್ಸೈಟಿ ಅನ್ನುತ್ತೇವೆ. ಸಾಮಾನ್ಯವಾಗಿ ಹದಿಹರೆಯದಲ್ಲೇ ಶುರುವಾಗುತ್ತದೆ. ನಿಮಗೂ ಪಿಯುಸಿಯಲ್ಲಿ ಶುರುವಾಗಿದೆ, ಅಲ್ವಾ? ಜನ ಇದನ್ನು ‘ನಾಚಿಕೆ ಸ್ವಭಾವ’ ಅಂತ ಅಂದುಕೊಂಡು ಹತ್ತಾರು ವರ್ಷ ಹಾಗೇ ಕಳೆಯುತ್ತಾರೆ. ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು.

ನಂಬಿಕೆಯನ್ನು ಪರೀಕ್ಷಿಸುವ ಚಿಕಿತ್ಸೆ ಬಂದದ್ದು ಆರೋನ್ ಬೆಕ್ ಎಂಬ ಅಮೆರಿಕದ ಮನೋವೈದ್ಯರಿಂದ. 1921ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡರು. ಪೂರ್ತಿ ನೂರು ವರ್ಷ ಬದುಕಿದವರು. ಖಿನ್ನತೆ ಎಂದರೆ ತನ್ನ ಮೇಲೇ ತಿರುಗಿದ ಕೋಪ ಎಂದು ಆಗಿನ ಮನೋವಿಶ್ಲೇಷಕರು ಹೇಳುತ್ತಿದ್ದರು. ಅದನ್ನು ಸಾಬೀತು ಮಾಡಲು ಬೆಕ್ ಹೊರಟರು. ಪುರಾವೆ ಬೇರೆಯದನ್ನೇ ಹೇಳಿತು. ರೋಗಿಗಳು ಮಾತಾಡುತ್ತಿರುವಾಗಲೇ ಅವರ ಮನಸ್ಸಿನಲ್ಲಿ ಇನ್ನೊಂದು ಸಾಲು ವೇಗವಾಗಿ ಹಾದುಹೋಗುತ್ತಿತ್ತು. ‘ಡಾಕ್ಟರಿಗೆ ನನ್ನ ಮಾತು ಬೋರ್ ಆಗ್ತಿದೆ’ ಎಂಬಂಥ ಸಾಲು. ರೋಗಿ ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಅದು ನಿಜವೋ ಸುಳ್ಳೋ ಅಂತ ತಾನೂ ನೋಡುತ್ತಿರಲಿಲ್ಲ. 1960ರ ದಶಕದಲ್ಲಿ ಬೆಕ್ ಆ ಸಾಲುಗಳನ್ನು ಹಿಡಿದು, ರೋಗಿಯ ಜೊತೆ ಕೂತು, ಇದಕ್ಕೆ ಪುರಾವೆ ಏನು ಅಂತ ಕೇಳುವ ಪದ್ಧತಿ ಕಟ್ಟಿದರು. ಇವತ್ತು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ಎಂದು ಕರೆಯುವ ಚಿಕಿತ್ಸೆಗೆ ಅದೇ ಬುಡ.

ಈಗ ನಿಮ್ಮ ಸಾಲು ತೆಗೆದುಕೊಳ್ಳೋಣ. ‘ನಾನು ಬಾಯಿ ಬಿಟ್ಟರೆ ನಗೆಪಾಟಲು.’ ನೀವು ಇಷ್ಟು ವರ್ಷಗಳಿಂದ ಕೆಲಸದಲ್ಲಿದ್ದೀರಿ. ಅಷ್ಟೋ ಇಷ್ಟೋ ಮಾತಾಡಿಯೇ ಇರುತ್ತೀರಿ. ಯಾರೂ ಬಿದ್ದು ಬಿದ್ದು ನಕ್ಕಿರಲಿಕ್ಕಿಲ್ಲ. ನಕ್ಕಿದ್ದರೆ ಪಿಯುಸಿಯದನ್ನು ಬಿಟ್ಟು ಆಫೀಸಿನದನ್ನೇ ಬರೆಯುತ್ತಿದ್ದಿರಿ. ಹಾಗಿದ್ದರೂ ನಂಬಿಕೆ ಯಾಕೆ ಸವೆಯಲಿಲ್ಲ?

ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರು 1995ರಲ್ಲಿ ಇದಕ್ಕೆ ಕೊಟ್ಟ ವಿವರಣೆ ನನಗೆ ಇವತ್ತಿಗೂ ತುಂಬಾ ಉಪಯೋಗಕ್ಕೆ ಬರುತ್ತದೆ. ಆತಂಕ ಶುರುವಾದ ಕೂಡಲೇ ವ್ಯಕ್ತಿಯ ಗಮನ ಹೊರಗಿನಿಂದ ಒಳಕ್ಕೆ ತಿರುಗುತ್ತದೆ. ನೋವಿರುವ ಹಲ್ಲಿನ ಹತ್ತಿರಕ್ಕೇ ನಾಲಿಗೆ ಹೋಗುವ ಹಾಗೆ. ಧ್ವನಿ ನಡುಗಿತಾ? ಮುಖ ಕೆಂಪಾಯಿತಾ? ಗ್ರಾಮರ್ ಸರಿ ಇತ್ತಾ? ಒಳಗೆ ಹೀಗೆ ತಪಾಸಣೆ ನಡೆಯುತ್ತಿರುತ್ತದೆ. ಎದುರಿಗಿರುವವರ ಮುಖ ಕಾಣುವುದೇ ಇಲ್ಲ. ಆಮೇಲೆ ಒಳಗೆ ಅನಿಸಿದ್ದನ್ನೇ ಹೊರಗೆ ಕಂಡದ್ದು ಅಂತ ಲೆಕ್ಕ ಹಾಕಿಕೊಳ್ಳುತ್ತೇವೆ. ಮುಖ ಬಿಸಿಯಾಯಿತು, ಹಾಗಾದರೆ ಎಲ್ಲರಿಗೂ ಟೊಮೆಟೊ ಬಣ್ಣ ಕಂಡಿರಬೇಕು. ಎದೆ ಬಡಿಯಿತು, ಹಾಗಾದರೆ ಎಲ್ಲರಿಗೂ ಭಯ ಗೊತ್ತಾಗಿರಬೇಕು. ಮೀಟಿಂಗ್ ಮುಗಿದಾಗ ನಿಮ್ಮ ಕೈಯಲ್ಲಿರುವುದು ನಿಮ್ಮ ಭಯದ ವರದಿ ಮಾತ್ರ. ಜನ ಹೇಗೆ ನಡೆದುಕೊಂಡರು ಎಂಬುದರ ವರದಿ ಇಲ್ಲ. ಅದನ್ನು ನೀವು ನೋಡಿಯೇ ಇಲ್ಲವಲ್ಲ. ನೂರು ಮೀಟಿಂಗ್ ಹೀಗೇ ಕಳೆದರೂ ನಂಬಿಕೆ ಅಲುಗುವುದಿಲ್ಲ.

ಇದರ ಜೊತೆಗೆ ನಾವು ರಕ್ಷಣೆಗೆ ಅಂತ ಮಾಡಿಕೊಳ್ಳುವ ಸಣ್ಣ ಸಣ್ಣ ಉಪಾಯಗಳಿವೆ. ನೀವು ಇವುಗಳಲ್ಲಿ ಕೆಲವನ್ನಾದರೂ ಮಾಡುತ್ತಿರುತ್ತೀರಿ ಎಂದು ನನ್ನ ಊಹೆ. ವಾಕ್ಯವನ್ನು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿ ನೋಡಿ ಆಮೇಲೆ ಬಾಯಿಗೆ ತರುವುದು. ಕ್ಯಾಮೆರಾ ಆಫ್ ಮಾಡುವುದು. ‘ನೆಟ್‌ವರ್ಕ್ ಸರಿ ಇಲ್ಲ’ ಅಂತ ಚಾಟಿನಲ್ಲಿ ಬರೆಯುವುದು. ಬೇಗ ಬೇಗ ಹೇಳಿ ಮುಗಿಸಿಬಿಡುವುದು. ‘ಸೇಮ್ ಆಸ್ ಯೆಸ್ಟರ್‌ಡೇ’ ಅಂದು ಕೂತುಬಿಡುವುದು. ಆ ಗಳಿಗೆಗೆ ಇವು ಸಮಾಧಾನ ಕೊಡುತ್ತವೆ. ಆದರೆ ಏನೂ ಅನಾಹುತ ಆಗದಿದ್ದರೆ ಅದರ ಕ್ರೆಡಿಟ್ಟು ಈ ಉಪಾಯಕ್ಕೆ ಹೋಗುತ್ತದೆ. ‘ಕ್ಯಾಮೆರಾ ಆಫ್ ಇತ್ತು, ಅದಕ್ಕೇ ಬಚಾವಾದೆ’ ಅನಿಸುತ್ತದೆ. ಇನ್ನೊಂದು ತೊಂದರೆಯೂ ಇದೆ. ಒಳಗೊಳಗೇ ವಾಕ್ಯ ಜೋಡಿಸುತ್ತಾ ಕೂತವರು ಬೇರೆಯವರಿಗೆ ಗಂಟುಮುಖದವರ ಹಾಗೆ, ಆಸಕ್ತಿ ಇಲ್ಲದವರ ಹಾಗೆ ಕಾಣುತ್ತಾರೆ. ಲೀಡ್ ಕೆಲಸ ಯಾರಿಗೆ ಕೊಡಬೇಕು ಅಂತ ಯೋಚಿಸುವವರ ಕಣ್ಣಿಗೆ ನಿಮ್ಮ ಇಂಗ್ಲಿಷಿಗಿಂತ ಇದು ಜಾಸ್ತಿ ಬಿದ್ದಿರಬಹುದು.

ಜನ ನಮ್ಮನ್ನು ಎಷ್ಟು ಗಮನಿಸುತ್ತಾರೆ ಎಂಬುದಕ್ಕೂ ಒಂದು ಪ್ರಯೋಗ ನಡೆದಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ಮಾಡಿದ್ದು, 2000ದಲ್ಲಿ ಪ್ರಕಟವಾಯಿತು. ಒಬ್ಬ ವಿದ್ಯಾರ್ಥಿಗೆ ಮುಜುಗರ ಆಗುವಂಥ ಟೀ ಶರ್ಟ್ ತೊಡಿಸಿದರು. ಆ ವಯಸ್ಸಿನವರು ಗೇಲಿ ಮಾಡುತ್ತಿದ್ದ ಗಾಯಕನೊಬ್ಬನ ಚಿತ್ರ ಅದರ ಮೇಲಿತ್ತು. ಹಾಗೇ ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಕಳಿಸಿದರು. ಹೊರಗೆ ಬಂದ ಮೇಲೆ, ಎಷ್ಟು ಜನ ಚಿತ್ರವನ್ನು ಗಮನಿಸಿರಬಹುದು ಅಂತ ಕೇಳಿದರು. ಹೀಗೆ ಹಾಕಿಕೊಂಡು ಹೋದವರ ಅಂದಾಜು ಸರಾಸರಿ ಅರ್ಧದಷ್ಟು ಜನ. ನಿಜವಾಗಿ ಗಮನಿಸಿದ್ದವರು ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ಈ ವಿದ್ಯಾರ್ಥಿಗಳು ಆತಂಕದ ಚಿಕಿತ್ಸೆಗೆ ಬಂದವರೇನೂ ಅಲ್ಲ, ನಮ್ಮ ನಿಮ್ಮ ಹಾಗೆ ಸಾಧಾರಣ ಹುಡುಗ ಹುಡುಗಿಯರು. ಅವರ ಲೆಕ್ಕವೇ ಇಷ್ಟು ತಪ್ಪಿದರೆ, ಎದೆ ಡವಡವ ಅನ್ನುತ್ತಿರುವಾಗ ನಿಮ್ಮ ಲೆಕ್ಕ ಎಷ್ಟು ತಪ್ಪಬಹುದು ಯೋಚಿಸಿ.

ಓದಿ ತಲೆದೂಗಿದರೆ ನಂಬಿಕೆ ಬದಲಾಗುವುದಿಲ್ಲ. ನೀವೇ ಮಾಡಿ ನೋಡಬೇಕು. ನನ್ನ ಬಳಿ ಬರುವವರಿಗೆ ನಾನು ಮೊದಲು ಮಾಡಿಸುವ ಒಂದು ಪ್ರಯೋಗ ನಿಮ್ಮ ರೂಮಿನಲ್ಲೇ ಮಾಡಬಹುದು. ರೂಮ್‌ಮೇಟ್ ಆಗಲಿ, ಗೆಳೆಯ ಆಗಲಿ, ಒಬ್ಬರನ್ನು ಕೂರಿಸಿಕೊಳ್ಳಿ. ಆಫೀಸಿನ ಯಾವುದಾದರೂ ವಿಷಯವನ್ನು ಇಂಗ್ಲಿಷಿನಲ್ಲೇ ಐದು ನಿಮಿಷ ಮಾತಾಡಿ. ಹಾಗೆ ಎರಡು ಸಲ. ಮೊದಲ ಸಲ ಬೇಕೆಂದೇ ನಿಮ್ಮ ಹಳೆಯ ರೀತಿ ಮಾಡಿ. ಧ್ವನಿ ಹೇಗಿದೆ ಅಂತ ಕೇಳಿಸಿಕೊಳ್ಳುತ್ತಾ, ಪ್ರತಿ ವಾಕ್ಯವನ್ನು ಒಳಗೆ ಜೋಡಿಸಿ ಹೇಳಿ. ಎರಡನೆಯ ಸಲ ಅದನ್ನೆಲ್ಲ ಬಿಡಿ. ಎದುರಿಗಿರುವವರ ಮುಖ ನೋಡಿ. ಅವರಿಗೆ ಎಲ್ಲಿ ಅರ್ಥವಾಯಿತು, ಎಲ್ಲಿ ಹುಬ್ಬು ಗಂಟಿಕ್ಕಿತು ಅಂತ ಗಮನಿಸಿ. ವಾಕ್ಯ ಹೇಗೆ ಬರುತ್ತೋ ಹಾಗೆ ಬರಲಿ. ಪ್ರತಿ ಸಲ ಮುಗಿದ ಕೂಡಲೇ ಎಷ್ಟು ಭಯ ಆಯಿತು, ಎಷ್ಟು ಕೆಟ್ಟದಾಗಿ ಮಾತಾಡಿದೆ ಎನಿಸಿತು ಅಂತ ಹತ್ತಕ್ಕೆ ನಂಬರ್ ಹಾಕಿ. ಆಮೇಲೆ ಎದುರಿಗಿದ್ದವರನ್ನು ಕೇಳಿ, ಯಾವುದು ಚೆನ್ನಾಗಿತ್ತು ಅಂತ. ಬಹುಪಾಲು ಜನರಿಗೆ ಎರಡನೆಯದರಲ್ಲೇ ಭಯ ಕಡಿಮೆ, ಕೇಳಿದವರಿಗೂ ಅದೇ ಇಷ್ಟ. ಎಚ್ಚರಿಕೆ ಬಿಟ್ಟರೆ ಎಡವುತ್ತೇನೆ ಅಂತ ಅಂದುಕೊಂಡಿದ್ದವರು ಇಲ್ಲಿ ಸುಮ್ನೆ ಕೂತು ಯೋಚನೆ ಮಾಡುತ್ತಾರೆ.

ಎರಡನ್ನೂ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ತಕ್ಷಣ ನೋಡಬೇಡಿ. ಮೊದಲು ಒಂದು ಕಾಗದದಲ್ಲಿ ಬರೆಯಿರಿ: ಮುಖ ಎಷ್ಟು ಕೆಂಪಾಗಿ ಕಾಣುತ್ತದೆ, ಎಷ್ಟು ಸೆಕೆಂಡ್ ತಡವರಿಸಿರುತ್ತೇನೆ, ಕೈ ಎಷ್ಟು ನಡುಗಿರುತ್ತದೆ. ಹೀಗೆ ಕಣ್ಣಿಗೆ ಕಾಣುವಂಥದ್ದನ್ನೇ ಬರೆಯಬೇಕು. ಆಮೇಲೆ ಯಾರೋ ಗುರುತಿಲ್ಲದವರನ್ನು ನೋಡುವ ಹಾಗೆ ಆ ವಿಡಿಯೊ ನೋಡಿ. ಆವಾಗಿನ ಭಯವನ್ನು ನೆನಪು ಮಾಡಿಕೊಳ್ಳಬೇಡಿ, ಪರದೆಯ ಮೇಲೆ ಕಂಡದ್ದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ನೀವು ಅರ್ಧ ನಿಮಿಷ ಅಂದುಕೊಂಡಿದ್ದ ತಡವರಿಕೆ ಎರಡೋ ಮೂರೋ ಸೆಕೆಂಡ್ ಇದ್ದೀತು. ಚಿಕಿತ್ಸೆಯಲ್ಲಿ ಇದು ಬಹಳ ಮುಖ್ಯವಾದ ಹಂತ.

ಗಮನವನ್ನು ಹೊರಕ್ಕೆ ತಿರುಗಿಸುವುದೂ ಒಂದು ಅಭ್ಯಾಸ. ಬೇಕು ಅಂದ ಕೂಡಲೇ ಬರುವುದಿಲ್ಲ. ದಿನಾ ಹತ್ತು ಹನ್ನೆರಡು ನಿಮಿಷ ಬಾಲ್ಕನಿಯಲ್ಲೋ ಟೆರೇಸಿನಲ್ಲೋ ಕೂತು ಶಬ್ದ ಕೇಳಿಸಿಕೊಳ್ಳಿ. ಪಕ್ಕದ ಮನೆಯ ಕುಕ್ಕರ್, ರಸ್ತೆಯ ಆಟೊ, ಸೊಪ್ಪು ಮಾರುವವರ ಕೂಗು, ಮೇಲಿನ ಮನೆಯ ಟಿವಿ. ಮೊದಲು ಒಂದನ್ನೇ ಹಿಡಿದುಕೊಳ್ಳಿ. ಸ್ವಲ್ಪ ಹೊತ್ತಾದ ಮೇಲೆ ಬೇಗ ಬೇಗ ಒಂದರಿಂದ ಇನ್ನೊಂದಕ್ಕೆ ಹೋಗಿ. ಕೊನೆಗೆ ಎಲ್ಲವನ್ನೂ ಒಟ್ಟಿಗೆ ಕೇಳಿಸಿಕೊಳ್ಳಲು ಪ್ರಯತ್ನಿಸಿ. ವೆಲ್ಸ್ ಅವರು 1990ರಲ್ಲಿ ರೂಪಿಸಿದ ಅಭ್ಯಾಸದ ಮನೆಮಟ್ಟದ ರೂಪ ಇದು. ಆತಂಕ ಇಲ್ಲದ ಹೊತ್ತಿನಲ್ಲಿ ಮಾಡಬೇಕು. ಭಯ ಬಂದಾಗ ತಪ್ಪಿಸಿಕೊಳ್ಳಲು ಇದನ್ನು ಬಳಸಿದರೆ ಇದೂ ಕ್ಯಾಮೆರಾ ಆಫ್ ಮಾಡಿದ ಹಾಗೇ ಆಗುತ್ತದೆ.

ಇಷ್ಟು ಕೈಗೆ ಹತ್ತಿದ ಮೇಲೆ ಜನರ ಮಧ್ಯೆ ಹೋಗಿ. ನೇರ ಮೀಟಿಂಗಿಗೇ ಹಾರಬೇಡಿ. ನಿಮ್ಮ ಏರಿಯಾದ ದರ್ಶಿನಿಯಿಂದ ಶುರು ಮಾಡಿ. ಬೆಳಿಗ್ಗೆ ಜನ ಇರುವ ಹೊತ್ತಿನಲ್ಲಿ ನಿಂತು ತಿಂಡಿ ತಿನ್ನುವಾಗ ಬೇಕೆಂದೇ ಚಮಚ ಕೆಳಗೆ ಬೀಳಿಸಿ. ಸ್ಟೀಲ್ ಚಮಚ, ಗ್ರಾನೈಟ್ ನೆಲ, ಟಣ್ ಅಂತ ಚೆನ್ನಾಗಿ ಶಬ್ದ ಬರುತ್ತದೆ. ಮೊದಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ: ಎಷ್ಟು ಜನ ನೋಡುತ್ತಾರೆ, ಎಷ್ಟು ಹೊತ್ತು ನೋಡುತ್ತಾರೆ, ಯಾರಾದರೂ ನಗುತ್ತಾರಾ. ಬೀಳಿಸಿದ ಮೇಲೆ ತಲೆ ತಗ್ಗಿಸಬೇಡಿ. ತಲೆ ಎತ್ತಿ ಸುತ್ತ ನೋಡಿ, ಎಣಿಸಿ. ಒಬ್ಬಿಬ್ಬರು ಒಂದು ಕ್ಷಣ ತಿರುಗಿ ಮತ್ತೆ ತಮ್ಮ ಇಡ್ಲಿ ವಡೆಗೆ ಮರಳುತ್ತಾರೆ. ಕ್ಲೀನಿಂಗ್ ಹುಡುಗ ಬೇರೆ ಚಮಚ ತಂದುಕೊಟ್ಟರೂ ಕೊಟ್ಟ. ತಲೆ ತಗ್ಗಿಸಿದ್ದರೆ ಇದ್ಯಾವುದೂ ನಿಮಗೆ ಕಾಣುತ್ತಿರಲಿಲ್ಲ, ‘ಎಲ್ಲರೂ ನೋಡಿರಬೇಕು’ ಅಂತಲೇ ಮನೆಗೆ ಹೋಗುತ್ತಿದ್ದಿರಿ.

ಆಮೇಲೆ ಆಫೀಸು. ಮೊದಲ ವಾರ ಒಂದೇ ಪ್ರಶ್ನೆ: ‘ಕುಡ್ ಯು ರಿಪೀಟ್ ದಟ್?’ ಅರ್ಥವಾಗಿದ್ದರೂ ಕೇಳಿ. ಇನ್ನೊಂದು ದಿನ ಬೇಕೆಂದೇ ಒಂದು ಪದ ತಪ್ಪಾಗಿ ಹೇಳಿ, ಸರಿಪಡಿಸಲು ಹೋಗಬೇಡಿ. ಮತ್ತೊಂದು ದಿನ ಮಾತಿನ ಮಧ್ಯೆ ಮೂರು ಸೆಕೆಂಡ್ ಸುಮ್ಮನಿರಿ. ಪ್ರತಿ ಸಲ ಮೀಟಿಂಗಿಗೆ ಮೊದಲು, ಏನಾಗುತ್ತದೆ ಅಂತ ನಿಮ್ಮ ಭಯ ಹೇಳುತ್ತಿದೆ ಎಂಬುದನ್ನು ಒಂದು ಸಾಲು ಬರೆಯಿರಿ. ಮುಗಿದ ಮೇಲೆ, ಕಣ್ಣಾರೆ ಕಂಡದ್ದನ್ನು ಒಂದು ಸಾಲು. ‘ಅವರಿಗೆ ಬೇಜಾರಾಯಿತು ಅನಿಸಿತು’ ಅಂತ ಬರೆದರೆ ಲೆಕ್ಕಕ್ಕಿಲ್ಲ. ‘ಮ್ಯಾನೇಜರ್ ಓಕೆ ಅಂದು ಮುಂದಿನವರನ್ನು ಕೇಳಿದರು’ ಅಂತ ಬರೆದರೆ ಲೆಕ್ಕಕ್ಕಿದೆ. ಬರೆಯದೆ ಮಾಡಿದರೆ ಇದರ ಅರ್ಧ ಪ್ರಯೋಜನ ಹೋಗುತ್ತದೆ. ಭಯ ತಾನು ಮೊದಲು ಹೇಳಿದ್ದನ್ನು ಆಮೇಲೆ ಬದಲಿಸಿ ಹೇಳುತ್ತದೆ.

ಒಂದು ಜಾಗದಲ್ಲಿ ಎಲ್ಲರೂ ಎಡವುತ್ತಾರೆ. ಮೀಟಿಂಗ್ ಚೆನ್ನಾಗೇ ಆಗಿರುತ್ತದೆ. ರಾತ್ರಿ ಹಾಸಿಗೆಯಲ್ಲಿ ಮಲಗಿದಾಗ ಮೆಲುಕು ಶುರು. ‘ಆ ಪದ ಹಾಗೆ ಹೇಳಬಾರದಿತ್ತು. ಅವನು ಯಾಕೆ ಹಾಗೆ ನೋಡಿದ?’ ಅರ್ಧ ಗಂಟೆ ಹೀಗೇ ಹೋದರೆ ಹಗಲಿನ ಪುರಾವೆ ಎಲ್ಲ ಅಳಿಸಿಹೋಗುತ್ತದೆ. ಇದನ್ನು ಬಲವಂತವಾಗಿ ಅದುಮಲು ಹೋಗಬೇಡಿ. ಒಂದು ವಿಷಯವನ್ನು ನೆನೆಯಲೇಬಾರದು ಅಂತ ಹಟ ಹಿಡಿದರೆ ಅದೇ ಜಾಸ್ತಿ ನೆನಪಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಬಿಳಿ ಕರಡಿಯ ಪ್ರಯೋಗದಲ್ಲಿ ಇದನ್ನು ತೋರಿಸಿದರು. ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ ಅಂದರೆ ಜನರಿಗೆ ಅದೇ ಬರುತ್ತಿತ್ತು. ಹಾಗಾಗಿ ‘ಮೆಲುಕು ಶುರುವಾಯಿತು’ ಅಂತ ಗುರುತಿಸಿ, ಬೆಳಿಗ್ಗೆ ಬರೆದ ಎರಡು ಸಾಲು ಒಮ್ಮೆ ಓದಿ, ಬೇರೆ ಕೆಲಸಕ್ಕೆ ಕೈ ಹಾಕಿ. ಅದು ಹಿಂದೆ ಗೊಣಗುತ್ತಿದ್ದರೆ ಗೊಣಗಲಿ. ಉತ್ತರ ಕೊಡಬೇಡಿ.

ಪಿಯುಸಿಯ ಆ ದಿನದ ಬಗ್ಗೆ. ಈ ತೊಂದರೆ ಇರುವ ಅನೇಕರ ಮನಸ್ಸಿನಲ್ಲಿ ಇಂಥ ಒಂದು ಹಳೆಯ ಚಿತ್ರ ಇರುತ್ತದೆ. ಮೀಟಿಂಗಿನಲ್ಲಿ ಕೂತಿರುವುದು 29ರ ನೀವು, ಆದರೆ ಮನಸ್ಸು ನೋಡುತ್ತಿರುವುದು ಹದಿನಾರರ ಹುಡುಗನನ್ನು. ಹತ್ತು ವರ್ಷ ಕನ್ನಡದಲ್ಲಿ ವಿಜ್ಞಾನ, ಗಣಿತ ಕಲಿತವನು. ಜೂನ್ ತಿಂಗಳಲ್ಲಿ ಇದ್ದಕ್ಕಿದ್ದಂತೆ ಎಲ್ಲಾ ಪಾಠ ಇಂಗ್ಲಿಷಿಗೆ ಬದಲಾದಾಗ, ಅರ್ಥವಾಗದಿದ್ದರೂ ಎದ್ದು ನಿಂತು ಉತ್ತರ ಹೇಳಿದವನು. ಅವನಲ್ಲಿ ಧೈರ್ಯ ಇರಲಿಲ್ಲ ಅಂತ ನನಗೆ ಅನಿಸುವುದಿಲ್ಲ. ನಕ್ಕವರಲ್ಲಿ ಅರ್ಧ ಜನ ತಮ್ಮ ಸರದಿ ತಪ್ಪಿತಲ್ಲ ಅಂತ ನಕ್ಕಿರಬಹುದು. ಆ ವರ್ಷ ಕ್ಲಾಸು ಇನ್ನೂ ಯಾರ್ಯಾರಿಗೆ ನಕ್ಕಿತ್ತು, ನೆನಪಿದೆಯಾ? ಇರಲಿಕ್ಕಿಲ್ಲ. ಹಾಗೆಯೇ ಅವರಿಗೂ ನಿಮ್ಮದು ನೆನಪಿರಲಿಕ್ಕಿಲ್ಲ. ಒಂದು ಸಂಜೆ ಕೂತು, ಆ ಹುಡುಗನಿಗೆ ಇವತ್ತಿನ ನೀವು ಏನು ಹೇಳುತ್ತೀರಿ ಎಂಬುದನ್ನು ಪತ್ರದ ಹಾಗೆ ಬರೆಯಿರಿ. ಸುಮ್ಮನೆ ಸಮಾಧಾನದ ಮಾತು ಬೇಡ. ಆವಾಗ ಅವನಿಗೆ ಗೊತ್ತಿಲ್ಲದ, ಈಗ ನಿಮಗೆ ಗೊತ್ತಿರುವ ಸಂಗತಿಗಳನ್ನು ಬರೆಯಿರಿ. ಡಿಗ್ರಿ ಮುಗಿಸಿದೆ, ಬೆಂಗಳೂರಿಗೆ ಬಂದೆ, ಬೇರೆಯವರ ಕೋಡಿನ ತಪ್ಪು ಹಿಡಿಯುವುದೇ ನನ್ನ ಕೆಲಸ ಅಂತ.

ನಂಬಿಕೆಯ ಜೊತೆ ನಿಜವಾದ ಕೊರತೆಯೂ ಇದ್ದರೆ ಅದನ್ನು ಮುಚ್ಚಿಡಬಾರದು. ‘ನನ್ನ ಇಂಗ್ಲಿಷಿನಲ್ಲಿ ತಪ್ಪುಗಳಿವೆ’ ಎನ್ನುವುದು ಸಂಗತಿ ಇರಬಹುದು. ‘ಆದ್ದರಿಂದ ಜನ ನನ್ನನ್ನು ಕೀಳಾಗಿ ಕಾಣುತ್ತಾರೆ’ ಎನ್ನುವುದು ನೀವು ಅದಕ್ಕೆ ಅಂಟಿಸಿದ ತೀರ್ಮಾನ. ಮೊದಲನೆಯದಕ್ಕೆ ಕಲಿಕೆ ಬೇಕು, ಎರಡನೆಯದಕ್ಕೆ ಪರೀಕ್ಷೆ ಬೇಕು. ಇಂಗ್ಲಿಷ್ ಕ್ಲಾಸಿಗೆ ಸೇರಿ, ತಪ್ಪೇನಿಲ್ಲ. ಆದರೆ ‘ಇಂಗ್ಲಿಷ್ ಪೂರ್ತಿ ಸರಿಯಾದ ಮೇಲೆ ಮಾತಾಡುತ್ತೇನೆ’ ಅಂತ ಕಾಯಬೇಡಿ. ತಮಿಳು, ತೆಲುಗು, ಹಿಂದಿ ಮಾತಾಡುವ ನಿಮ್ಮ ಟೀಮಿನವರ ಇಂಗ್ಲಿಷನ್ನು ಮುಂದಿನ ಮೀಟಿಂಗಿನಲ್ಲಿ ಗಮನ ಕೊಟ್ಟು ಕೇಳಿ. ತಪ್ಪುಗಳ ಜೊತೆಗೇ ಅವರ ಕೆಲಸ ನಡೆಯುತ್ತಿರುತ್ತದೆ.

ಎಲ್ಲಾ ಕಷ್ಟವೂ ತಲೆಯೊಳಗಿನದು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪರೀಕ್ಷೆ ಮಾಡಿದಾಗ ನಿಮ್ಮ ಭಯವೇ ನಿಜ ಅಂತ ಗೊತ್ತಾಗಬಹುದು. ಯಾರೋ ಒಬ್ಬರು ನಿಮ್ಮ ಉಚ್ಚಾರಣೆಯನ್ನು ಎಲ್ಲರೆದುರು ಅಣಕಿಸುತ್ತಿರಬಹುದು. ಆಗ ನಂಬಿಕೆ ತಿದ್ದುವ ಕೆಲಸ ಬಿಟ್ಟು ಆ ವ್ಯಕ್ತಿಯ ನಡತೆಯ ಬಗ್ಗೆ ಮ್ಯಾನೇಜರಿಗೋ ಎಚ್‌ಆರ್‌ಗೋ ದೂರು ಕೊಡಿ, ಟೀಮ್ ಬದಲಿಸಿಕೊಳ್ಳಿ. ಪರೀಕ್ಷೆ ಎಂದ ಮೇಲೆ ಎರಡೂ ಉತ್ತರಕ್ಕೆ ಜಾಗ ಇರಬೇಕು.

ಎಷ್ಟು ದಿನ ಬೇಕು ಅಂತ ಕೇಳಿದ್ದೀರಿ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಹೊರಡಿಸಿದ ಮಾರ್ಗಸೂಚಿ, ಸಾಮಾಜಿಕ ಆತಂಕ ಇರುವ ದೊಡ್ಡವರಿಗೆ ಮೊದಲು ಕೊಡಬೇಕಾದ್ದು ಇಂಥ ಸಿಬಿಟಿ ಎನ್ನುತ್ತದೆ. ಸುಮಾರು 4 ತಿಂಗಳಲ್ಲಿ 14 ಭೇಟಿ, ಒಂದೊಂದು 90 ನಿಮಿಷ. ಒಬ್ಬರೇ ಮಾಡಿಕೊಂಡರೆ ಇನ್ನೂ ನಿಧಾನ ಆಗಬಹುದು. ಒಂದೆರಡು ತಿಂಗಳು ಬಿಡದೆ ಮಾಡಿಯೂ ನಂಬರುಗಳು ಇಳಿಯದಿದ್ದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರನ್ನು ಕಾಣಿ. ಬೆಂಗಳೂರಿನಲ್ಲೇ ನಿಮ್ಹಾನ್ಸ್ ಇದೆ. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆ, ಊಟ ಕೆಟ್ಟಿದ್ದರೆ, ಮೀಟಿಂಗಿಗೆ ಮೊದಲು ಕುಡಿಯುವ ಅಭ್ಯಾಸ ಶುರುವಾಗಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ ಕಾಯಬೇಡಿ, ಇವತ್ತೇ ಕರೆ ಮಾಡಿ. ಎದೆ ಬಡಿತ ಇಳಿಸುವ ಮಾತ್ರೆಯನ್ನು ಗೆಳೆಯರು ಹೇಳಿದರು ಅಂತ ಮೆಡಿಕಲ್ ಶಾಪಿನಿಂದ ತಂದು ನುಂಗಬೇಡಿ. ಉಬ್ಬಸ ಇರುವವರಿಗೆ ಅದು ಅಪಾಯ. ಔಷಧಿ ಬೇಕಾ ಬೇಡವಾ ಅಂತ ಮನೋವೈದ್ಯರು ಹೇಳಲಿ.

ಇನ್ನು ಕೆಲಸ ಬಿಡುವ ವಿಷಯ. ಊರಿಗೆ ಹೋಗಬಾರದು ಅಂತ ನಾನು ಹೇಳುವುದಿಲ್ಲ. ಜಮೀನು ನೋಡಿಕೊಳ್ಳಬೇಕು, ಅಪ್ಪ ಅಮ್ಮನ ಜೊತೆ ಇರಬೇಕು ಎಂಬ ಆಸೆ ಇದ್ದರೆ ಅದು ಬೇರೆ ಮಾತು. ಆದರೆ ಈಗ ಬಿಟ್ಟರೆ, ಮೀಟಿಂಗ್ ತಪ್ಪಿಸಿಕೊಳ್ಳಲು ಬಿಟ್ಟ ಹಾಗಾಗುತ್ತದೆ. ಅಲ್ಲಿ ಗ್ರಾಮಸಭೆಯಲ್ಲೋ ಸೊಸೈಟಿಯಲ್ಲೋ ಎದ್ದು ನಿಂತು ಮಾತಾಡಬೇಕಾದಾಗ ಇದೇ ಭಯ ಕನ್ನಡದಲ್ಲೂ ಬರಬಹುದು. ನಾಲ್ಕು ತಿಂಗಳು ರಾಜೀನಾಮೆ ಯೋಚನೆ ಬದಿಗಿಡಿ. ಈ ವಾರ ರೂಮ್‌ಮೇಟ್ ಜೊತೆ ಐದೈದು ನಿಮಿಷದ ಆ ಎರಡು ಮಾತುಕತೆ ಮಾಡಿ, ನಂಬರ್ ಬರೆದಿಡಿ. ಏನಾಯಿತು ಅಂತ ನನಗೆ ಬರೆಯಿರಿ. ನಂಬರುಗಳನ್ನು ನೋಡಿ ಮುಂದಿನ ಹೆಜ್ಜೆ ಹೇಳುತ್ತೇನೆ.